ಲಿನಕ್ಸ್ ಮಿಂಟ್, ವರ್ಷದ ಬಳಿಕ: ಏನಾಯ್ತು ಅಂತ ಬಾಯಿಬಿಟ್ಟು ಹೇಳಬಾರದಾ?

ನನ್ನದು ಏಳನೇ ತಲೆಮಾರಿನ ಐ5 ಲ್ಯಾಪ್‌ಟಾಪ್. ವಿಂಡೋಸ್ 11 ಅದನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ವಿಂಡೋಸ್ 10ರ ಉಚಿತ ಅಪ್‌ಡೇಟ್ 2025ರ ಅಕ್ಟೋಬರ್‌ಗೆ ಮುಗಿಯುತ್ತದೆ ಅಂತ ಗೊತ್ತಾದಾಗಲೇ ಮಿಂಟ್ ಹಾಕಿಕೊಂಡೆ, ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ ಅದು. ಚೆನ್ನಾಗಿರುವ ಲ್ಯಾಪ್‌ಟಾಪ್ ಮೂಲೆಗೆ ಹಾಕಿ ಹೊಸದಕ್ಕೆ 50 ಸಾವಿರ ಸುರಿಯುವ ಮನಸ್ಸಿರಲಿಲ್ಲ. ಇನ್‌ಸ್ಟಾಲ್ ಮಾಡುವುದು ಹೇಗೆ ಅನ್ನೋದಕ್ಕೆ ಬೇಕಾದಷ್ಟು ವಿಡಿಯೊ ಇವೆ, ಅದು ಬೇಡ.

ದಿನನಿತ್ಯದ ಬಳಕೆ ನಿಜಕ್ಕೂ ಹಾಯಾಗಿದೆ. ಸಂಜೆ ಲ್ಯಾಪ್‌ಟಾಪ್ ತೆರೆದರೆ ಕೆಳಗೆ ಬಲಗಡೆ ಪುಟ್ಟ ಗುರಾಣಿಯ ಚಿತ್ರ ಇರುತ್ತದೆ. ಅದರ ಮೇಲೆ ಚುಕ್ಕಿ ಕಂಡರೆ ಅಪ್‌ಡೇಟ್ ಬಂದಿದೆ ಅಂತ ಅರ್ಥ. ಕ್ಲಿಕ್ ಮಾಡಿ, ಪಾಸ್‌ವರ್ಡ್ ಕೊಟ್ಟು, ಚಹಾ ಇಡೋಕೆ ಹೋಗುತ್ತೇನೆ. ಹಾಲು ಕಾಯುವಷ್ಟರಲ್ಲಿ ಮುಗಿದಿರುತ್ತದೆ. ಸಿಸ್ಟಂನ ತಿರುಳಾದ ಕರ್ನಲ್ ಬದಲಾದರೆ ರೀಸ್ಟಾರ್ಟ್ ಕೇಳುತ್ತದೆ, ಅದನ್ನೂ ನಮಗೆ ಬೇಕಾದಾಗ ಮಾಡಿದರಾಯಿತು. ನಾನು ಎಣಿಸಿರದ ಖುಷಿ ಅಂದರೆ ಕನ್ನಡ ಟೈಪಿಂಗ್. ಬೇರೆ ಬೇರೆ ಭಾಷೆ ಟೈಪ್ ಮಾಡಿಸುವ ಐಬಸ್‌ಗೆ, ನುಡಿ ತಂತ್ರಾಂಶದಲ್ಲಿರುವ ಕೆಜಿಪಿ ಕೀಲಿಮಣೆಯನ್ನೇ ಸೇರಿಸಿಕೊಂಡೆ. ನುಡಿಯಲ್ಲಿ ಪಳಗಿದ ಬೆರಳಿಗೆ ಹೊಸದೇನೂ ಕಲಿಸಬೇಕಾಗಲಿಲ್ಲ.

ಈಗ ಸಿಟ್ಟಿನ ವಿಷಯಕ್ಕೆ ಬರುತ್ತೇನೆ, ಗೇಮ್.

ಹಳೆಯ ವಿಂಡೋಸನ್ನು ತೆಗೆಯದೆ ಅದರ ಪಕ್ಕದಲ್ಲೇ ಮಿಂಟ್ ಹಾಕಿದ್ದೆ. ಹೊಸಬರೆಲ್ಲ ಹೀಗೇ ಅಲ್ವಾ ಶುರು ಮಾಡೋದು? ಗೇಮ್‌ಗಳೆಲ್ಲ ಡಿ ಡ್ರೈವ್‌ನಲ್ಲಿದ್ದವು. ಮಿಂಟ್‌ನಲ್ಲೂ ಆ ಡ್ರೈವ್ ತೆರೆಯಿತು, ಫೋಟೊ, ಹಾಡು ಎಲ್ಲ ಬಂದವು. ಗೇಮ್ ಕೊಂಡು ಆಡುವ ಸ್ಟೀಮ್ ಅನ್ನುವ ಲಾಂಚರ್‌ಗೆ ಗೇಮ್ ಫೋಲ್ಡರ್ ತೋರಿಸಿದೆ, ಲಿಸ್ಟಿನಲ್ಲೂ ಬಂತು. 'ಪ್ಲೇ' ಒತ್ತಿದೆ. ಬಟನ್ 'ಸ್ಟಾಪ್' ಅಂತ ಬದಲಾಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಮತ್ತೆ 'ಪ್ಲೇ'. ಅಷ್ಟೇ. ಎರರ್ ಇಲ್ಲ, ಕಿಟಕಿ ಇಲ್ಲ, ಕೊನೆಗೆ 'ಟಿಂಗ್' ಅನ್ನುವ ಸದ್ದೂ ಇಲ್ಲ. ಇಡೀ ವಾರಾಂತ್ಯ ಇದಕ್ಕೇ ಹಾಳಾಯಿತು.

ಕಾರಣ ತೀರಾ ಸಣ್ಣದು. ಡಿ ಡ್ರೈವ್ ಇದ್ದದ್ದು ಎನ್‌ಟಿಎಫ್‌ಎಸ್‌ನಲ್ಲಿ, ಅಂದರೆ ವಿಂಡೋಸ್ ಫೈಲ್ ಜೋಡಿಸಿಡುವ ಕ್ರಮದಲ್ಲಿ. ವಿಂಡೋಸ್ ಗೇಮನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್, ಪ್ರತಿ ಗೇಮಿಗೂ ಒಂದು ಪುಟ್ಟ ನಕಲಿ ವಿಂಡೋಸ್ ಕಟ್ಟುತ್ತದೆ. ಅದರೊಳಗೆ 'ಸಿ:' ಅನ್ನುವ ಹೆಸರು ಬೇಕು. ವಿಂಡೋಸ್ ಡ್ರೈವ್‌ಗೆ ಹೆಸರಿನಲ್ಲಿ ಆ ಕೋಲನ್ ಆಗಿಬರುವುದಿಲ್ಲ. ಯಾವ ಫೈಲ್ ಯಾರದು ಅನ್ನುವ ಲಿನಕ್ಸ್ ಲೆಕ್ಕವೂ ಅಲ್ಲಿ ನೆಟ್ಟಗೆ ಕೂರುವುದಿಲ್ಲ. ಡಿಸ್ಕಿನಲ್ಲಿ ಲಿನಕ್ಸ್‌ನದೇ ಕ್ರಮವಾದ ಇಎಕ್ಸ್‌ಟಿ4 (ext4) ಪಾರ್ಟಿಷನ್ ಮಾಡಿ ಅದೇ ಗೇಮ್ ಅಲ್ಲಿಗೆ ಹಾಕಿದೆ, ಓಡಿತು.

ಲಾಂಚರನ್ನು ಟರ್ಮಿನಲ್‌ನಿಂದ, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿಯಿಂದ, ತೆರೆದು ನೋಡಿದ್ದರೆ ಈ ತಕರಾರೆಲ್ಲ ಸಾಲುಸಾಲಾಗಿ ಬರುತ್ತಿತ್ತು. ಅಂದರೆ ಕಂಪ್ಯೂಟರಿಗೆ ಗೊತ್ತಿತ್ತು, ನನಗೆ ಹೇಳಲಿಲ್ಲ! ಲಿನಕ್ಸ್ ಸುಲಭ ಆಗಬೇಕು ಅಂದರೆ ಸಾಕು, 'ಓದಿ ಕಲೀರಿ' ಅಂತಾರೆ ಹಳಬರು. ಓದೋಣ ಸ್ವಾಮಿ, ಯಾವುದನ್ನು ಓದಬೇಕು ಅಂತ ಪರದೆ ಮೇಲೆ ಒಂದು ಸಾಲು ಬರಲಿ. ಟರ್ಮಿನಲ್ ಕಿತ್ತುಹಾಕಿ ಅಂತ ಯಾರೂ ಕೇಳುತ್ತಿಲ್ಲ.

ಹಾಗಂತ ಎಲ್ಲದಕ್ಕೂ ಲಿನಕ್ಸನ್ನೇ ಬೈದರೆ ಅನ್ಯಾಯ. ಆನ್‌ಲೈನ್ ಗೇಮ್ ವ್ಯಾಲರಂಟ್ ಇಲ್ಲಿ ಓಡುವುದಿಲ್ಲ, ಮೋಸದಾಟ ತಡೆಯುವ ಅದರ ಆಂಟಿ ಚೀಟ್ ವಿಂಡೋಸ್ ಕರ್ನಲ್ಲಿನ ಒಳಗೇ ಕೂರುವಂಥದ್ದು. ಬೇರೆ ಗೇಮ್‌ಗಳು ಬಳಸುವ ಈಸಿ ಆಂಟಿ ಚೀಟ್, ಬ್ಯಾಟಲ್‌ಐ ಎರಡೂ ಪ್ರೋಟಾನ್ ಜೊತೆ ಕೆಲಸ ಮಾಡಬಲ್ಲವು, ಗೇಮ್ ಮಾಡಿದವರು ಒಪ್ಪಬೇಕಷ್ಟೆ. 2018ರಲ್ಲಿ ಪ್ರೋಟಾನ್ ಬರುವ ಮುಂಚೆ ಒಂದೊಂದು ಗೇಮಿಗೂ, ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್ ಜೊತೆ ಗುದ್ದಾಡಿದವರಿಗೆ ಈಗಿನದು ಹಬ್ಬವೇ. ನಾನಂತೂ ಸೇಲ್‌ನಲ್ಲಿ ಗೇಮ್ ಕಂಡರೆ ಮೊದಲು ಪ್ರೋಟಾನ್‌ಡಿಬಿ ನೋಡುತ್ತೇನೆ, ಯಾವ ಗೇಮ್ ಲಿನಕ್ಸ್‌ನಲ್ಲಿ ಎಷ್ಟು ಚೆನ್ನಾಗಿ ಓಡುತ್ತದೆ ಅಂತ ಬಳಸಿದವರು ಹೇಳುವ ತಾಣ ಅದು. ಪ್ಲಾಟಿನಂ ಅಥವಾ ಗೋಲ್ಡ್ ಇದ್ದರೆ ಮಾತ್ರ ದುಡ್ಡು ಬಿಚ್ಚುವುದು.

ನಾಲ್ಕು ಸ್ಟಾರ್. ಒಂದು ಸ್ಟಾರ್ ಹೋದದ್ದು ಆ ಮೌನಕ್ಕೆ. ವ್ಯಾಲರಂಟ್ ಇಲ್ಲದೆ ಆಗಲ್ಲ ಅನ್ನುವವರು ವಿಂಡೋಸ್‌ನಲ್ಲೇ ಇರಿ. ಒಬ್ಬರೇ ಕೂತು ಆಡುವವರು ಧೈರ್ಯವಾಗಿ ಹಾಕಿಕೊಳ್ಳಿ, ಆದರೆ ಇನ್‌ಸ್ಟಾಲ್ ಮಾಡುವಾಗಲೇ ಮಿಂಟ್‌ಗೆ ಜಾಗ ಜಾಸ್ತಿ ಬಿಡಿ. ಈಗಿನ ದೊಡ್ಡ ಗೇಮ್ ಒಂದೇ 100 ಜಿಬಿ ನುಂಗುತ್ತದೆ.