ಬೋರ್ಡೋ ಜೋಡಿ ಪ್ಯಾಕೆಟ್: ತುತ್ತ ಸರಿ, ಸುಣ್ಣ ನೋಡಿ ಕೊಳ್ಳಿ

ಮಳೆ ಹಿಡಿಯುವ ಮುಂಚೆ ಚಿಕ್ಕಮಗಳೂರಿನ ಗೊಬ್ಬರದಂಗಡಿಗಳಲ್ಲಿ ಸಿಗುವ ಜೋಡಿ ಪ್ಯಾಕೆಟ್ ಇದು: ಒಂದರಲ್ಲಿ 1 ಕೆಜಿ ಮೈಲುತುತ್ತದ (ಕಾಪರ್ ಸಲ್ಫೇಟ್, ತಾಮ್ರದ ಲವಣ) ಪುಡಿ, ಇನ್ನೊಂದರಲ್ಲಿ 1 ಕೆಜಿ ಅರಳಿಸಿದ ಸುಣ್ಣ. 100 ಲೀಟರ್ ನೀರಿಗೆ ಹಾಕಿದರೆ ಶೇ 1ರ ಬೋರ್ಡೋ ದ್ರಾವಣ, ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಅದೇ ಔಷಧಿ.

ತುತ್ತದ ಬಗ್ಗೆ ತಕರಾರಿಲ್ಲ. ಪುಡಿಯಾಗಿರುವುದರಿಂದ ರಾತ್ರಿಯೇ ಗೋಣಿಬಟ್ಟೆಯಲ್ಲಿ ಕಟ್ಟಿ ನೀರಿಗೆ ಇಳಿಬಿಡುವ ಕೆಲಸ ತಪ್ಪುತ್ತದೆ. ತಲೆ ಕೆಡಿಸಿಕೊಳ್ಳಬೇಕಾದ್ದು ಸುಣ್ಣದ ಬಗ್ಗೆ.

ತುತ್ತ, ಸುಣ್ಣ ಒಂದಕ್ಕೊಂದು ಕೂಡುವುದು ತೂಕದ ಲೆಕ್ಕದಲ್ಲಲ್ಲ, ಕಣಗಳ ಎಣಿಕೆಯಲ್ಲಿ; ಆ ಎಣಿಕೆಯ ಅಳತೆಯೇ ಮೋಲ್. ತುತ್ತದ ಒಂದು ಮೋಲ್ ಸುಮಾರು 250 ಗ್ರಾಂ, ಅಂದರೆ 1 ಕೆಜಿಗೆ 4 ಮೋಲ್. ಅರಳಿಸಿದ ಸುಣ್ಣದ ಮೋಲ್ 74 ಗ್ರಾಂ, 1 ಕೆಜಿಗೆ ಹದಿಮೂರೂವರೆ ಮೋಲ್. ಮೋಲಿಗೆ ಮೋಲ್ ಎಂದು ಧಾರಾಳವಾಗಿ ಹಿಡಿದರೂ ಇಷ್ಟು ತುತ್ತಕ್ಕೆ ಬೇಕಾದ ಸುಣ್ಣ 300 ಗ್ರಾಂ ಮಾತ್ರ. ಮೊದಲು ಮುಗಿಯುವುದು ತುತ್ತ; ಪಿಯುಸಿಯಲ್ಲಿ ಲಿಮಿಟಿಂಗ್ ರಿಯೇಜೆಂಟ್ ಅಂತ ಕಲಿಸುವುದು ಇದನ್ನೇ. ತೂಕ ಸಮ ಇದೆಯೆಂದು ಎರಡೂ ಒಟ್ಟಿಗೆ ಖರ್ಚಾಗುವುದಿಲ್ಲ. ಹೋಲಿಸಬೇಕಾದ್ದು ಗ್ರಾಂ ಅಲ್ಲ, ಮೋಲ್. ಹಾಗಾಗಿ ಇನ್ನೆರಡು ಮುಷ್ಟಿ ಸುಣ್ಣ ಸುರಿದರೆ ಔಷಧಿಯ ಶಕ್ತಿ ಏರದು, ನಾಜಲ್ ಕಟ್ಟಿಕೊಳ್ಳುತ್ತದೆ ಅಷ್ಟೆ.

ಅಷ್ಟೊಂದು ಮಿಗುವುದಾದರೆ 1 ಕೆಜಿ ಯಾಕೆ? ಸುಣ್ಣ ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಹೀರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತಾ ಹೋಗುತ್ತದೆ. ತೂಕ ಇಳಿಯುವುದಿಲ್ಲ, ಏರುತ್ತದೆ. ಹಾಗಾಗಿ ಸುಣ್ಣ ಕೆಟ್ಟದ್ದು ತಕ್ಕಡಿಗೆ ಗೊತ್ತೇ ಆಗುವುದಿಲ್ಲ. ಹೆಚ್ಚಿನ ಸುಣ್ಣ ಈ ನಷ್ಟ ತುಂಬುವುದಕ್ಕೆ. ಇಲ್ಲಿ ಸುಣ್ಣದ ಚೀಲ ಬರೀ ಹೊಲಿಗೆ ಹಾಕಿದ್ದು, ಗಾಳಿಯಾಡುತ್ತದೆ. ತಯಾರಾದ ತಿಂಗಳನ್ನೂ ಅಚ್ಚು ಹಾಕಿಲ್ಲ. ಪ್ಯಾಕೆಟ್ಟಿನ ದೊಡ್ಡ ಕೊರತೆ ಇದೇ. ಹಳೆ ಸ್ಟಾಕಿನಲ್ಲಿ ಕೆಲಸಕ್ಕೆ ಬರುವ ಸುಣ್ಣ 300 ಗ್ರಾಂಗಿಂತ ತೀರಾ ಕೆಳಗಿಳಿದರೆ ಲೆಕ್ಕ ತಿರುಗುಮುರುಗಾಗುತ್ತದೆ: ಮೊದಲು ಮುಗಿಯುವುದು ಸುಣ್ಣ, ಉಳಿಯುವುದು ಬಿಡಿ ತಾಮ್ರ. ಎಳೆ ಎಲೆ, ಎಳೆ ಕಾಯಿ ಸುಡುವುದು ಈ ತಾಮ್ರವೇ.

ಪರೀಕ್ಷೆ ಸುಲಭ. ಒಂದು ಚಮಚ ಸುಣ್ಣಕ್ಕೆ ವಿನೆಗರ್ ಧಾರಾಳವಾಗಿ ಹಾಕಿ. ಬುಸುಬುಸು ನೊರೆ ಬಂದರೆ ಆ ಚೀಲ ಬೇಡ. ಬೆರೆಸುವಾಗ ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು. 50 ಲೀಟರ್ ನೀರಲ್ಲಿ ತುತ್ತ, ಇನ್ನೊಂದು 50 ಲೀಟರಿನಲ್ಲಿ ಬಟ್ಟೆಯಲ್ಲಿ ಸೋಸಿದ ಸುಣ್ಣದ ಹಾಲು. ತುತ್ತದ ನೀರನ್ನು ಸುಣ್ಣಕ್ಕೆ ಸುರಿಯುತ್ತಾ ಕದಡಿ. ಆಮೇಲೆ ಉಜ್ಜಿ ಹೊಳಪು ಬರಿಸಿದ ಕತ್ತಿಯ ಅಲಗನ್ನು ಒಂದು ನಿಮಿಷ ಅದ್ದಿ. ಕೆಂಪು ಲೇಪ ಕೂತರೆ ತಾಮ್ರ ಉಳಿದಿದೆ ಅಂತ ಅರ್ಥ. ಲೇಪ ಕೂರದಷ್ಟು ಆಗುವವರೆಗೆ ಸುಣ್ಣದ ಹಾಲು ಸೇರಿಸಿ. ಈ ಕತ್ತಿ ಪರೀಕ್ಷೆಯನ್ನು ಪ್ಯಾಕೆಟ್ ಮೇಲೆ ಬರೆಯದಿರುವುದು ದೊಡ್ಡ ಲೋಪ. ಬೆರೆಸಿದ್ದನ್ನು ಅಂದೇ ಹೊಡೆದು ಮುಗಿಸಿ.

ಕಾಫಿಯ ಎಲೆ ತುಕ್ಕಿಗೆ ಶೇ 0.5 ಸಾಕು, ಅಂದರೆ 100 ಲೀಟರಿಗೆ ಅರ್ಧರ್ಧ ಪ್ಯಾಕೆಟ್. ಉಳಿದ ತುತ್ತವನ್ನು ಬಿಗಿ ಡಬ್ಬದಲ್ಲಿಟ್ಟು ಮಳೆಗಾಲ ಕಳೆದ ಮೇಲಿನ ಸಿಂಪಡಣೆಗೆ ಬಳಸಬಹುದು. ಬಿಚ್ಚಿದ ಸುಣ್ಣವನ್ನು ಮಾತ್ರ ಅದಕ್ಕೆ ಇಟ್ಟುಕೊಳ್ಳಬೇಡಿ, ಹೊಸದು ತನ್ನಿ.