ಪದಬಂಧ ಬಿಡಿಸೋಕೆ ‘ಅಲರ್’ ನಿಘಂಟು: ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಅಲರ್ ಪದಬಂಧಕ್ಕೆ ಅಂತ ಮಾಡಿದ್ದಲ್ಲ. ಅದು ಕನ್ನಡ–ಇಂಗ್ಲಿಷ್ ನಿಘಂಟು, ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಆದರೆ ಪೇಪರ್ ಬಂದ ಕೂಡಲೇ ರಾಜಕೀಯ ಬಿಟ್ಟು ಪದಬಂಧದ ಪುಟ ತೆಗೆಯುವ ನಮ್ಮಂಥವರಿಗೆ ಫೋನಿನಲ್ಲಿ ಇದಕ್ಕಿಂತ ಉಪಯೋಗಕ್ಕೆ ಬರುವುದು ಬೇರೆ ಕಾಣಲಿಲ್ಲ. ಹೇಗೆ ಬಳಸಬೇಕು ಅಂತ ಗೊತ್ತಿರಬೇಕು ಅಷ್ಟೇ.

ವಿ. ಕೃಷ್ಣ ಅವರು ಸುಮಾರು ನಾಲ್ಕು ದಶಕ ಒಬ್ಬರೇ ಕೂತು ಕಟ್ಟಿದ ನಿಘಂಟು ಇದು. 1.5 ಲಕ್ಷದಷ್ಟು ಪದಗಳು, ಅವಕ್ಕೆ 2.4 ಲಕ್ಷದಷ್ಟು ಅರ್ಥಗಳು. 2019ರಲ್ಲಿ ಸಾಫ್ಟ್‌ವೇರ್ ತಂತ್ರಜ್ಞ ಕೈಲಾಶ್ ನಾಧ್ ಅವರು ಆನ್‌ಲೈನ್‌ಗೆ ತಂದರು. ಜಾಹೀರಾತಿಲ್ಲ, ಲಾಗಿನ್ ಇಲ್ಲ. ಪದ ಹಾಕಿ, ಅರ್ಥ ನೋಡಿ, ಮುಗೀತು.

ನನಗೆ ಇದು ಹೆಚ್ಚು ಒದಗುವುದು ಊಹೆಯನ್ನು ಪರೀಕ್ಷೆ ಮಾಡೋಕೆ. ಸುಳಿವು ‘ಕತ್ತೆ’, ಮೂರು ಅಕ್ಷರ ಅಂತ ಇಟ್ಟುಕೊಳ್ಳಿ. ಗಾರ್ದಭ ಅಂತ ಹೊಳೆಯುತ್ತದೆ, ಆದರೆ ನಡುವಿನದು ‘ರ್ದ’ನೋ ‘ರ್ಧ’ನೋ? ಬಾಯಲ್ಲಿ ಹೇಳುವಾಗ ಯಾರೂ ಕೇಳುವುದಿಲ್ಲ, ಪದಬಂಧ ಮಾತ್ರ ಬಿಡುವುದಿಲ್ಲ, ಒಂದು ಮಹಾಪ್ರಾಣ ತಪ್ಪಿದರೆ ಮೇಲಿನಿಂದ ಕೆಳಕ್ಕೆ ಬರುವ ಇನ್ನೊಂದು ಪದವೂ ಕೆಡುತ್ತದೆ, ಅದರಿಂದ ಪಕ್ಕದ್ದೂ ಕೆಡುತ್ತದೆ. ಅಲರ್‌ನ ಹುಡುಕಾಟ ಉಚ್ಚಾರಣೆಯನ್ನೂ ಲೆಕ್ಕಕ್ಕೆ ಇಟ್ಟುಕೊಂಡು ಮಾಡಿದ್ದು. ಹಾಗಾಗಿ ಹತ್ತಿರದ ಸದ್ದಿನ ಕಾಗುಣಿತ ಹಾಕಿದರೂ ಸರಿಯಾದ ಪದದ ಕಡೆ ಕರೆದುಕೊಂಡು ಹೋಗುತ್ತದೆ. ಅಲ್ಪಪ್ರಾಣ ಮಹಾಪ್ರಾಣದಲ್ಲಿ ಎಡವುವವರಿಗೆ (ಅಂದ್ರೆ ನಮ್ಮಲ್ಲಿ ಮುಕ್ಕಾಲು ಮಂದಿಗೆ) ಇದು ದೊಡ್ಡ ಅನುಕೂಲ.

ಅರ್ಥ ಗೊತ್ತಿದೆ, ಪದ ಬೇಕು ಅನ್ನುವಾಗ ಮಾತ್ರ ಕಥೆ ಬೇರೆ. ಪದಬಂಧ ಮಾಡುವವರಿಗೆ ಕಮಲ ಅಂದರೆ ಯಾಕಷ್ಟು ಪ್ರೀತಿಯೋ ಗೊತ್ತಿಲ್ಲ, ವಾರಕ್ಕೊಮ್ಮೆಯಾದರೂ ಬಂದೇ ಬರುತ್ತದೆ. ಅದರ ಬೇರೆ ಬೇರೆ ಹೆಸರು ಹುಡುಕೋಕೆ ಕನ್ನಡ–ಕನ್ನಡ ನಿಘಂಟು ಬೇಕು. ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟು 8 ಸಂಪುಟ, ಮನೆಯಲ್ಲಿ ಇಡೋಕೆ ಬೇರೆ ಕಪಾಟೇ ಮಾಡಿಸಬೇಕು. ಅವರದೇ ಸಂಕ್ಷಿಪ್ತ ಕನ್ನಡ ನಿಘಂಟು ಒಂದೇ ಪುಸ್ತಕ, ಅದು ಸಾಕು. ದೊಡ್ಡ ನಿಘಂಟಿನ ಪ್ರಧಾನ ಸಂಪಾದಕರಾಗಿದ್ದ ಜಿ. ವೆಂಕಟಸುಬ್ಬಯ್ಯನವರು ಹುಟ್ಟಿದ್ದು 1913ರ ಆಗಸ್ಟ್‌ನಲ್ಲಿ. ಜಗತ್ತಿನ ಮೊದಲ ಪದಬಂಧ ನ್ಯೂಯಾರ್ಕಿನ ಪತ್ರಿಕೆಯಲ್ಲಿ ಬಂದದ್ದು ಅದೇ ವರ್ಷದ ಡಿಸೆಂಬರ್ 21ಕ್ಕೆ. ಇದರಿಂದ ಯಾವ ಮನೆಯೂ ತುಂಬುವುದಿಲ್ಲ, ಆದರೂ ಓದಿದಾಗ ಖುಷಿಯಾಯಿತು.

ನನ್ನ ಹತ್ತಿರ ಪುಸ್ತಕಕ್ಕಿಂತ ಚುರುಕಾದ ಇನ್ನೊಂದು ವ್ಯವಸ್ಥೆ ಇದೆ. ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮ ಪಕ್ಕದ ಮನೆಯ ಕಾಕಾ. ಅವರು ಮರಾಠಿ ಪೇಪರ್‌ನ ಶಬ್ದಕೋಡೆ ಬಿಡಿಸುತ್ತಾರೆ, ನಾನು ಕನ್ನಡದ್ದು. ಎರಡರಲ್ಲೂ ಒಂದು ಮನೆಗೆ ಒಂದು ಅಕ್ಷರ, ಸಂಸ್ಕೃತದಿಂದ ಬಂದ ಪದಗಳು ಎರಡಕ್ಕೂ ಸಾಮಾನ್ಯ. ಅವರು ಹೇಳಿಕೊಟ್ಟದ್ದು ಇಷ್ಟೇ: “ನೀರಿನ ಹೆಸರು ತಗೋ, ಮುಂದ ‘ಜ’ ಹಚ್ಚು, ಕಮಲ ಆತು. ‘ದ’ ಹಚ್ಚು, ಮೋಡ ಆತು. ‘ಧಿ’ ಹಚ್ಚಿದ್ರ ಸಮುದ್ರ.” ಜಲಜ, ಜಲದ, ಜಲಧಿ. ವಾರಿಜ, ವಾರಿದ, ವಾರಿಧಿ. ಅಂಬುಜ, ಅಂಬುದ, ಅಂಬುಧಿ. ನೀರಜ, ನೀರದ, ನೀರಧಿ. ಮೂರಕ್ಷರದ ಮನೆಗಳು ಒಂದೇ ಏಟಿಗೆ ತುಂಬುತ್ತವೆ. ಯಾವುದಾದರೂ ಪದ ನಿಜವಾಗಿ ಇದೆಯೋ ಇಲ್ಲವೋ ಅಂತ ಅನುಮಾನ ಬಂದರೆ ಆಮೇಲೆ ಅಲರ್ ನೋಡಿದರಾಯಿತು. ಕಾಕಾ ಮಾತ್ರ ಫೋನ್ ಮುಟ್ಟುವುದಿಲ್ಲ, ನಾನು ತೆಗೆದರೆ ಚಹಾ ಕೊಡುವುದಿಲ್ಲ ಅಂತ ಹೆದರಿಸುತ್ತಾರೆ.

ಈಗ ಎಲ್ಲರೂ ಹೇಳುವ ಎಐ ಚಾಟ್‌ಬಾಟ್. ಅದನ್ನೂ ಬಿಡಲಿಲ್ಲ. ‘ಕಮಲ, ನಾಲ್ಕು ಅಕ್ಷರ, ಎರಡನೆಯದು ರ’ ಅಂತ ಕೇಳಿದೆ. ‘ಪದ್ಮಪುಷ್ಪ’ ಅಂದಿತು, ಪೂರ್ತಿ ಧೈರ್ಯದಿಂದ. ಎಲ್ಲಿದೆ ಅದರಲ್ಲಿ ‘ರ’? ಕೇಳಿದ್ದಕ್ಕೆ ಕ್ಷಮೆ ಕೇಳಿ ಇನ್ನೊಂದು ತಪ್ಪು ಕೊಟ್ಟಿತು. ನಿಜಕ್ಕೂ ಇಲ್ಲಿ ಎರಡು ಉತ್ತರ ಕೂರುತ್ತವೆ, ಅರವಿಂದ ಮತ್ತು ಸರಸಿಜ, ಯಾವುದು ಅಂತ ತೀರ್ಮಾನ ಮಾಡುವುದು ಅಡ್ಡ ಹಾಯುವ ಪದ. ಬಾಟ್‌ಗೆ ಅಕ್ಷರ ಎಣಿಸೋದೇ ಕಷ್ಟ. ಒಂದು ಕಾರಣ ಇದಿರಬಹುದು. ‘ಸರಸ್ವತಿ’ ನಮಗೆ ನಾಲ್ಕು ಮನೆ: ಸ, ರ, ಸ್ವ, ತಿ. ಕಂಪ್ಯೂಟರ್ ಒಳಗೆ, ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ, ಅದೇ ಪದ ಏಳು ತುಂಡು, ಯಾಕಂದ್ರೆ ‘ಸ್ವ’ ಒಂದೇ ಮೂರಾಗುತ್ತದೆ, ‘ತಿ’ ಎರಡಾಗುತ್ತದೆ. ಇಂಗ್ಲಿಷ್ ಪದಬಂಧಕ್ಕೆ ಇರುವಂತೆ ‘ಗೊತ್ತಿರುವ ಅಕ್ಷರ ಹಾಕಿ, ಉಳಿದದ್ದಕ್ಕೆ ಪ್ರಶ್ನೆ ಚಿಹ್ನೆ ಹಾಕಿ’ ಅನ್ನುವ ಉಪಾಯ ಕನ್ನಡಕ್ಕೆ ಹಾಗೇ ನಡೆಯದಿರೋದೂ ಇದಕ್ಕೇ. ಒತ್ತಕ್ಷರ, ಗುಣಿತ ಎಲ್ಲ ಸೇರಿಸಿ ಒಂದು ಮನೆ ಅಂತ ಮೊದಲು ಅದಕ್ಕೆ ಕಲಿಸಬೇಕು.

ಅದೂ ಅಲ್ಲದೆ ಪೂರ್ತಿ ಉತ್ತರವನ್ನೇ ತಟ್ಟೆಗೆ ಹಾಕಿಸಿಕೊಂಡರೆ ಪದಬಂಧ ಯಾಕೆ ಬಿಡಿಸಬೇಕು ಹೇಳಿ? ಸುಮ್ನೆ ನಾಳೆ ತನಕ ಕಾದರೆ ಪೇಪರ್‌ನವರೇ ಉತ್ತರ ಹಾಕುತ್ತಾರೆ. ನಿಘಂಟಿನಲ್ಲಿ ಆ ತೊಂದರೆ ಇಲ್ಲ. ನೀವು ಏನಾದರೂ ಯೋಚಿಸಿಕೊಂಡು ಹೋದರೆ ಮಾತ್ರ ಅದು ಮಾತಾಡುತ್ತದೆ.

ಊರು, ನದಿ, ಹೆಸರುಗಳ ಸುಳಿವಿಗೆ ನಿಘಂಟು ಹಿಡಿದು ಕೂರಬೇಡಿ, ಅದು ಆ ಕೆಲಸಕ್ಕಲ್ಲ. ಅಲ್ಲಿ ನಮ್ಮ ಕಡೆಯವರಿಗೆ ಸ್ವಲ್ಪ ಲಾಭ ಇದೆ. ‘ಗೋಕಾಕ ಹತ್ತಿರದ ಇನ್ನೊಂದು ಜಲಪಾತ, ಆರು ಅಕ್ಷರ’ ಅಂತ ಬಂದರೆ ಬೆಂಗಳೂರಿನ ಗೆಳೆಯ ಗೂಗಲ್ ಮಾಡುತ್ತಾನೆ, ನಾವು ಗೊಡಚಿನಮಲ್ಕಿ ಅಂತ ಬರೆದು ಮುಂದೆ ಹೋಗುತ್ತೇವೆ. ಅದೇ ಅಡುಗೆ ಸಾಮಾನಿನ ಸುಳಿವು ಬಂದರೆ ಉಲ್ಟಾ. ನಾವು ಉಳ್ಳಾಗಡ್ಡಿ ಅಂತ ಮನೆ ಎಣಿಸುತ್ತಾ ಕೂತಿರುತ್ತೇವೆ, ಪದಬಂಧ ಮಾಡಿದವರಿಗೆ ಬೇಕಾದದ್ದು ಈರುಳ್ಳಿ.

ಪದಬಂಧದ ಜೊತೆಗಾರ ಅಂತ ಅಲರ್‌ಗೆ ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಅಂಕ ಹಿಡಿದಿಟ್ಟದ್ದು ಅದರ ತಪ್ಪಿಗಲ್ಲ, ನನ್ನ ಆಸೆಗೆ. ಈ ನಿಘಂಟಿನ ದತ್ತಾಂಶ ಮುಕ್ತ ಪರವಾನಗಿಯಲ್ಲಿದೆ, ಯಾರು ಬೇಕಾದರೂ ಇಳಿಸಿಕೊಂಡು ಬಳಸಬಹುದು. ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಹುಡುಗರಿಗೇನು ಕಮ್ಮಿಯೇ, ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯುನೇ ಇಲ್ಲಿದೆ. ನಾಲ್ಕು ಮನೆ, ಎರಡನೆಯದು ‘ರ’ ಅಂತ ಕೊಟ್ಟರೆ ಅಕ್ಷರ ಸರಿಯಾಗಿ ಎಣಿಸಿ ಪಟ್ಟಿ ಕೊಡುವ ಒಂದು ಸಣ್ಣ ಪುಟ ಯಾರಾದರೂ ಮಾಡಿ. ದುಡ್ಡು ಕೊಟ್ಟು ಬಳಸೋಕೂ ನಾನು ತಯಾರು.