ಶುಗರ್ ನಾರ್ಮಲ್ ಇತ್ತು, ಆದರೂ ಐಸಿಯು ಸೇರಬೇಕಾಯಿತು: ಈ ಮಾತ್ರೆ ನುಂಗುತ್ತಿದ್ದರೆ ಕೀಟೊ ಡಯಟ್‌ಗೆ ಇಳಿಯಬೇಡಿ

ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್, ಕೆನಾಗ್ಲಿಫ್ಲೋಜಿನ್. ಇವು ಶುಗರ್ ಇಳಿಸುವ, ಒಂದೇ ಗುಂಪಿನ ಮೂರು ಮಾತ್ರೆಗಳು. ನೀವಾಗಲಿ, ನಿಮ್ಮ ಮನೆಯವರಾಗಲಿ ಇವುಗಳಲ್ಲಿ ಯಾವುದಾದರೂ ಒಂದನ್ನು ತೆಗೆದುಕೊಳ್ಳುತ್ತಿದ್ದು, ತೂಕ ಇಳಿಸಲು ಕೀಟೊ ಡಯಟ್ (ಕಾರ್ಬೋಹೈಡ್ರೇಟನ್ನು, ಅಂದರೆ ಪಿಷ್ಟ, ಸಕ್ಕರೆಯನ್ನು ಬಹುಪಾಲು ಬಿಟ್ಟು ಕೊಬ್ಬನ್ನೇ ಹೆಚ್ಚಾಗಿ ತಿನ್ನುವ ಪಥ್ಯ) ಅಥವಾ ದೀರ್ಘ ಉಪವಾಸ ಶುರುಮಾಡುವ ಯೋಚನೆಯಲ್ಲಿದ್ದರೆ, ಮಾತ್ರೆ ಬರೆದುಕೊಟ್ಟ ವೈದ್ಯರ ಹತ್ತಿರ ಮಾತಾಡುವ ತನಕ ದಯವಿಟ್ಟು ತಡೆಯಿರಿ. ಕೆಲವೊಮ್ಮೆ ಮಾತ್ರೆಯ ಪಟ್ಟಿಯ ಮೇಲೆ ಕಂಪನಿಯ ಹೆಸರು ದೊಡ್ಡದಾಗಿಯೂ ಔಷಧದ ಹೆಸರು ಸಣ್ಣದಾಗಿಯೂ ಇರುತ್ತದೆ. ಆ ಸಣ್ಣ ಅಕ್ಷರವನ್ನೇ ಓದಿ. ಮೆಟ್‌ಫಾರ್ಮಿನ್ ಜತೆ ಸೇರಿಸಿ ಒಂದೇ ಮಾತ್ರೆಯಾಗಿಯೂ ಇವು ಬರುತ್ತವೆ, ಹಾಗಾಗಿ 'ನಾನು ತಗೊಳ್ಳೋದು ಬರೀ ಶುಗರ್ ಮಾತ್ರೆ' ಅಂದುಕೊಂಡಿರುವ ಎಷ್ಟೋ ಜನಕ್ಕೆ ತಾವು ಇದನ್ನು ನುಂಗುತ್ತಿದ್ದೇವೆ ಎಂದೇ ಗೊತ್ತಿರುವುದಿಲ್ಲ.

ನನ್ನ ಅಕ್ಕನಿಗೆ ಏನಾಯಿತು ಎಂದು ಹೇಳುತ್ತೇನೆ.

ಅಕ್ಕನದು ಬಹಳ ವರ್ಷಗಳ ಇನ್ಸುಲಿನ್ ರೆಸಿಸ್ಟೆನ್ಸ್, ಅಂದರೆ ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದ ಸ್ಥಿತಿ. ಮೊದಲು ಕತ್ತಿನ ಹಿಂದೆ ಚರ್ಮ ಕಪ್ಪಾಗಿ ದಪ್ಪಗಾಯಿತು, ಸೊಂಟದ ಸುತ್ತಳತೆ ಏರಿತು, ಆಮೇಲೆ ಟೈಪ್ 2 ಡಯಾಬಿಟಿಸ್ ಬಂತು. ಮೆಟ್‌ಫಾರ್ಮಿನ್ ಜತೆಗೆ ವೈದ್ಯರು ಎಂಪಾಗ್ಲಿಫ್ಲೋಜಿನ್ ಸೇರಿಸಿದರು. ಶುಗರ್ ಹತೋಟಿಗೆ ಬಂತು, ತೂಕವೂ ತುಸು ಇಳಿಯಿತು. ಆದರೆ ಆ ನಿಧಾನ ಅವಳಿಗೆ ಸಾಕಾಗಲಿಲ್ಲ. ದುಡ್ಡು ಕಟ್ಟಿ ಆನ್‌ಲೈನ್‌ನಲ್ಲಿ ಒಂದು 'ಡಯಾಬಿಟಿಸ್ ರಿವರ್ಸಲ್' ಕಾರ್ಯಕ್ರಮ ಸೇರಿದಳು. ಅಲ್ಲಿನ ಕೋಚ್ ಎತ್ತರ, ತೂಕ, ಸೊಂಟದಳತೆ, ಎಷ್ಟು ಕಿಲೋ ಇಳಿಯಬೇಕು ಎಂಬ ಗುರಿ ಎಲ್ಲವನ್ನೂ ಕೇಳಿದರು. ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು ಮಾತ್ರ ಕೇಳಲಿಲ್ಲ. ಕಾರ್ಬೋಹೈಡ್ರೇಟ್ ದಿನಕ್ಕೆ 20 ಗ್ರಾಂ ದಾಟಬಾರದು, ವಾರದಲ್ಲಿ ಒಂದು ದಿನ ಪೂರ್ತಿ ಉಪವಾಸ ಎಂಬ ಪಟ್ಟಿ ಕೈಗೆ ಬಂತು.

ಮೊದಲ ವಾರ ತೂಕ ಸರಸರ ಇಳಿಯಿತು. ಇಲ್ಲೇ ಜನ ಮರುಳಾಗುವುದು, ಅದಕ್ಕೇ ಒಂದು ಮಾತು ಹೇಳಿಬಿಡುತ್ತೇನೆ. ಲಿವರ್ ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ (ಗ್ಲೂಕೋಸ್‌ನ ದಾಸ್ತಾನು) ತನ್ನ ಪ್ರತಿ ಗ್ರಾಮಿನ ಜತೆ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟಿರುತ್ತದೆ. ಪಿಷ್ಟ, ಸಕ್ಕರೆ ನಿಲ್ಲಿಸಿದೊಡನೆ ಆ ಗ್ಲೈಕೋಜನ್ ಕರಗಿ ನೀರೂ ಹೊರಟುಹೋಗುತ್ತದೆ. ಮೊದಲ ವಾರ ತಕ್ಕಡಿಯಲ್ಲಿ ಕಾಣುವ ಇಳಿತದಲ್ಲಿ ಬಹುಪಾಲು ಈ ನೀರೇ, ಕೊಬ್ಬಲ್ಲ. ಎಂಪಾಗ್ಲಿಫ್ಲೋಜಿನ್ ಮೊದಲೇ ಮೂತ್ರ ಹೆಚ್ಚಿಸುವ ಮಾತ್ರೆ. ಅಂದರೆ ಅಕ್ಕನ ದೇಹ ಎರಡು ಕಡೆಯಿಂದ ನೀರು ಕಳೆದುಕೊಳ್ಳುತ್ತಿತ್ತು.

ಕಾರ್ಯಕ್ರಮದವರು ಮೂತ್ರದಲ್ಲಿ ಕೀಟೋನ್ (ಕೊಬ್ಬು ಕರಗಿದಾಗ ಲಿವರ್ ತಯಾರಿಸುವ ಪದಾರ್ಥ) ನೋಡುವ ಪಟ್ಟಿಗಳನ್ನೂ ತರಿಸಿಕೊಳ್ಳಲು ಹೇಳಿದ್ದರು. ಮಾಸಲು ಬಣ್ಣದ ಆ ಚಿಕ್ಕ ಚೌಕ ಮೊದಲು ತಿಳಿ ಗುಲಾಬಿ, ಆಮೇಲೆ ನೇರಳೆ, ಕೊನೆಗೆ ಕಡುನೇರಳೆಯಾಯಿತು. ಅಕ್ಕ ಪ್ರತಿದಿನ ಅದರ ಫೋಟೋ ತೆಗೆದು ಗುಂಪಿನಲ್ಲಿ ಹಾಕುತ್ತಿದ್ದಳು. ಬಣ್ಣ ಗಾಢವಾದಷ್ಟೂ ಅಲ್ಲಿ ಚಪ್ಪಾಳೆ, ಅಭಿನಂದನೆ. ಕಡುನೇರಳೆ ಬಂದ ದಿನ ಅವಳಿಗೆ ವಾಕರಿಕೆ ಶುರುವಾಗಿತ್ತು, ಬಾಯಿ ಒಣಗುತ್ತಿತ್ತು, ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಕೇಳಿದ್ದಕ್ಕೆ, ಇದು ಕೀಟೊ ಫ್ಲೂ, ದೇಹ ಹೊಂದಿಕೊಳ್ಳುತ್ತಿದೆ, ಉಪ್ಪುನೀರು ಕುಡಿದು ಮುಂದುವರಿಸಿ ಎಂದು ಉತ್ತರ ಬಂತು. ಮರುದಿನ ಹೊಟ್ಟೆನೋವು, ವಾಂತಿ. ಆಗಲೂ ಅದೇ ಉತ್ತರ.

ಹತ್ತಿರದ ಒಂದು ತುರ್ತು ಚಿಕಿತ್ಸಾ ಕೇಂದ್ರಕ್ಕೆ ಕರೆದುಕೊಂಡು ಹೋದೆವು. ಬೆರಳು ಚುಚ್ಚಿ ನೋಡಿದರು, ಶುಗರ್ 162. ಮಧುಮೇಹಿಗೆ ಅದೇನೂ ಗಾಬರಿಪಡುವ ಸಂಖ್ಯೆ ಅಲ್ಲ. ಗ್ಯಾಸ್ಟ್ರಿಕ್ ಎಂದು ಚುಚ್ಚುಮದ್ದು ಕೊಟ್ಟು ಮನೆಗೆ ಕಳಿಸಿದರು. ಆ ರಾತ್ರಿ ಅವಳು ಉಸಿರಾಡುತ್ತಿದ್ದ ರೀತಿ ಇನ್ನೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಮಲಗಿದ್ದವಳು, ಓಡಿ ಬಂದವಳ ಹಾಗೆ, ಆಳವಾಗಿ, ಜೋರಾಗಿ, ನಿಲ್ಲಿಸದೆ ಉಸಿರೆಳೆಯುತ್ತಿದ್ದಳು. ಮಾತಾಡಿಸಿದರೆ ಉತ್ತರ ತಡವಾಗಿ ಬರುತ್ತಿತ್ತು. ಬಾಯಿಯಿಂದ ನೇಲ್ ಪಾಲಿಶ್ ತೆಗೆಯುವ ದ್ರವದಂಥ ವಾಸನೆ.

ದೊಡ್ಡಾಸ್ಪತ್ರೆಯಲ್ಲಿ ಕರ್ತವ್ಯದಲ್ಲಿದ್ದ ಯುವ ವೈದ್ಯೆ ಮೊದಲು ಕೇಳಿದ್ದೇ 'ಏನೇನು ಮಾತ್ರೆ ತಗೊಳ್ತಾರೆ, ಪಟ್ಟಿ ಇದೆಯಾ?' ಎಂದು. ಮಾತ್ರೆಯ ಹೆಸರು ಕೇಳಿದ ಕೂಡಲೇ ರಕ್ತದ ಕೀಟೋನ್ ಪರೀಕ್ಷೆಗೂ, ರಕ್ತ ಎಷ್ಟು ಆಮ್ಲೀಯವಾಗಿದೆ ಎಂದು ತೋರಿಸುವ ಬ್ಲಡ್ ಗ್ಯಾಸ್ ಪರೀಕ್ಷೆಗೂ ಕಳಿಸಿದರು. ರಕ್ತ ಆಮ್ಲೀಯವಾಗಿತ್ತು, ಕೀಟೋನ್ ವಿಪರೀತ ಏರಿತ್ತು. ಯೂಗ್ಲೈಸೀಮಿಕ್ ಡಯಾಬಿಟಿಕ್ ಕೀಟೋಆಸಿಡೋಸಿಸ್ ಎಂದರು, ಅಂದರೆ ಶುಗರ್ ಹೆಚ್ಚೇನೂ ಏರದೆಯೇ ಕೀಟೋನ್ ಏರಿ ರಕ್ತ ಆಮ್ಲೀಯವಾಗುವ ಸ್ಥಿತಿ. ನೇರ ಐಸಿಯು.

ಅಲ್ಲಿ ನಮಗೆ ಅರ್ಥವೇ ಆಗದ ಚಿಕಿತ್ಸೆ ನಡೆಯಿತು. ಒಂದು ಕೈಗೆ ಇನ್ಸುಲಿನ್ ಡ್ರಿಪ್, ಇನ್ನೊಂದು ಕೈಗೆ ಗ್ಲೂಕೋಸ್ ಡ್ರಿಪ್. ಸಕ್ಕರೆ ಕಾಯಿಲೆಯವಳಿಗೆ ಸಕ್ಕರೆ ಯಾಕೆ ಹರಿಸುತ್ತೀರಿ ಎಂದು ಅಮ್ಮ ಕೇಳಿಯೇಬಿಟ್ಟರು. ಕೀಟೋನ್ ತಯಾರಿಕೆ ನಿಲ್ಲಬೇಕಾದರೆ ಇನ್ಸುಲಿನ್ ಬೇಕೇ ಬೇಕು. ಆದರೆ ರಕ್ತದ ಶುಗರ್ ಹೆಚ್ಚೇನೂ ಇಲ್ಲದಿರುವಾಗ ಬರೀ ಇನ್ಸುಲಿನ್ ಕೊಟ್ಟರೆ ಅದು ಅಪಾಯದ ಮಟ್ಟಕ್ಕೆ ಕುಸಿಯುತ್ತದೆ. ಅದಕ್ಕೇ ಎರಡೂ ಒಟ್ಟಿಗೆ ಎಂದು ಆ ವೈದ್ಯೆ ತಾಳ್ಮೆಯಿಂದ ವಿವರಿಸಿದರು. ಇನ್ಸುಲಿನ್ ಕೊಟ್ಟಾಗ ರಕ್ತದ ಪೊಟ್ಯಾಸಿಯಂ ಕೂಡ ಇಳಿಯುತ್ತದಂತೆ, ಹಾಗಾಗಿ ಮತ್ತೆ ಮತ್ತೆ ರಕ್ತ ತೆಗೆದು ನೋಡುತ್ತಿದ್ದರು. ಅಕ್ಕ ಉಳಿದಳು. ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದು ಅವರು ನಮಗೆ ಮುಚ್ಚುಮರೆಯಿಲ್ಲದೆ ಹೇಳಿದರು.

ಇದು ಹೇಗಾಗುತ್ತದೆ ಎಂದು ತಿಳಿದುಕೊಂಡರೆ ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಎನ್ನುವುದು ಅರ್ಥವಾಗುತ್ತದೆ. ಆರೋಗ್ಯವಂತರ ಕಿಡ್ನಿ ದಿನಕ್ಕೆ ಸುಮಾರು 180 ಗ್ರಾಂ ಗ್ಲೂಕೋಸನ್ನು ಸೋಸಿ, ಹೆಚ್ಚುಕಡಿಮೆ ಅಷ್ಟನ್ನೂ ರಕ್ತಕ್ಕೆ ವಾಪಸ್ ಕಳಿಸುತ್ತದೆ. ಹಾಗೆ ವಾಪಸ್ ಸೆಳೆಯುವ ಮುಖ್ಯ ಪ್ರೋಟೀನಿನ ಹೆಸರು ಎಸ್‌ಜಿಎಲ್‌ಟಿ2. ಈ ಮಾತ್ರೆಗಳು ಅದನ್ನು ತಡೆಯುತ್ತವೆ, ಗ್ಲೂಕೋಸ್ ಮೂತ್ರದಲ್ಲಿ ಹೊರಟುಹೋಗುತ್ತದೆ. ರಕ್ತದ ಶುಗರ್ ಇಳಿದಂತೆ ದೇಹ ಇನ್ಸುಲಿನ್ ಕಡಿಮೆ ಮಾಡುತ್ತದೆ, ಇನ್ಸುಲಿನ್‌ಗೆ ವಿರುದ್ಧ ಕೆಲಸ ಮಾಡುವ ಗ್ಲುಕಗಾನ್ ಎಂಬ ಹಾರ್ಮೋನನ್ನು ಹೆಚ್ಚಿಸುತ್ತದೆ. ಕೊಬ್ಬು ಕರಗಿ ಕೀಟೋನ್ ಆಗುವುದಕ್ಕೆ ಕಡಿವಾಣ ಹಾಕುವುದು ಇನ್ಸುಲಿನ್ನೇ. ಮಾತ್ರೆ ಒಂದು ಕಡೆಯಿಂದ ಆ ಕಡಿವಾಣ ಸಡಿಲಿಸಿರುತ್ತದೆ. ಅದರ ಮೇಲೆ ಕಾರ್ಬೋಹೈಡ್ರೇಟನ್ನೂ ನಿಲ್ಲಿಸಿ, ಉಪವಾಸವನ್ನೂ ಮಾಡಿದರೆ ಕೀಟೋನ್ ಲೆಕ್ಕವಿಲ್ಲದೆ ಉತ್ಪತ್ತಿಯಾಗುತ್ತದೆ. ಇಷ್ಟೆಲ್ಲ ಆಗುವಾಗ ಸಕ್ಕರೆ ಮಾತ್ರ ಮೂತ್ರದ ದಾರಿಯಲ್ಲಿ ಹೊರಹೋಗುತ್ತಲೇ ಇರುವುದರಿಂದ ಗ್ಲೂಕೋಮೀಟರ್ ಸಾಧಾರಣ ಸಂಖ್ಯೆಯನ್ನೇ ತೋರಿಸುತ್ತದೆ. ಸಾಮಾನ್ಯ ಕೀಟೋಆಸಿಡೋಸಿಸ್‌ನಲ್ಲಿ ಶುಗರ್ 250 ದಾಟಿ ಎಷ್ಟೋ ಮೇಲೆ ಹೋಗಿರುತ್ತದೆ, ಯಾರಿಗಾದರೂ ಅನುಮಾನ ಬರುತ್ತದೆ. ಇಲ್ಲಿ ಆ ಸುಳಿವೇ ಸಿಗುವುದಿಲ್ಲ.

ಇದು ಯಾರಿಗೂ ಗೊತ್ತಿಲ್ಲದ ಗುಟ್ಟೇನಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರ ಮೇ ತಿಂಗಳಲ್ಲೇ ಈ ಬಗ್ಗೆ ಎಚ್ಚರಿಕೆ ಹೊರಡಿಸಿತ್ತು. ಶಸ್ತ್ರಚಿಕಿತ್ಸೆಗೆ ಮುಂಚೆ ಈ ಮೂರು ಮಾತ್ರೆಗಳನ್ನು ಕನಿಷ್ಠ 3 ದಿನ ನಿಲ್ಲಿಸಬೇಕು ಎಂಬ ಸೂಚನೆಯನ್ನು 2020ರಲ್ಲಿ ಸೇರಿಸಿತು. ಶಸ್ತ್ರಚಿಕಿತ್ಸೆ ಎಂದರೆ ಹೊಟ್ಟೆ ಖಾಲಿ ಇಡಬೇಕು, ಅದೂ ಒಂದು ಕಾರಣ. ಒಂದು ದಿನದ ಖಾಲಿ ಹೊಟ್ಟೆಗೇ ಇಷ್ಟು ಎಚ್ಚರ ವಹಿಸುವಾಗ, ವಾರಗಟ್ಟಲೆ ಕಾರ್ಬೋಹೈಡ್ರೇಟ್ ನಿಲ್ಲಿಸಿ ಎಂದು ಹೇಳುವವರು ಮಾತ್ರೆಯ ಹೆಸರು ಕೇಳದೇ ಇರುವುದು ನನ್ನ ದೃಷ್ಟಿಯಲ್ಲಿ ಕ್ಷಮಿಸಲಾಗದ ಬೇಜವಾಬ್ದಾರಿ.

ಹಾಗೆಂದು ಇದನ್ನು ಓದಿ ಗಾಬರಿಯಾಗಿ ಯಾರೂ ಮಾತ್ರೆ ನಿಲ್ಲಿಸಬಾರದು, ಕೈಮುಗಿದು ಕೇಳುತ್ತೇನೆ. ಇವು ಒಳ್ಳೆಯ ಔಷಧಗಳು. ಹೃದಯ ವೈಫಲ್ಯ ಇರುವವರಿಗೆ, ಕಿಡ್ನಿ ಕಾಯಿಲೆಯವರಿಗೆ ಮಧುಮೇಹ ಇಲ್ಲದಿದ್ದರೂ ಬರೆದುಕೊಡುತ್ತಾರೆ. ಈ ತೊಂದರೆ ಬರುವುದು ಅಪರೂಪ. ಕಡು ಡಯಟ್, ಉಪವಾಸ, ವಾಂತಿಭೇದಿ, ಜ್ವರ, ಅತಿಯಾದ ಮದ್ಯಪಾನ, ಇನ್ಸುಲಿನ್ ಚುಚ್ಚಿಕೊಳ್ಳುವವರು ಡೋಸ್ ಇಳಿಸುವುದು, ಇಂಥವು ಜತೆಗೂಡಿದಾಗ ಅಪಾಯ ಹೆಚ್ಚುತ್ತದೆ. ಊಟ ಸೇರದಷ್ಟು ಹುಷಾರು ತಪ್ಪಿದ ದಿನ ಮಾತ್ರೆ ತಗೊಳ್ಳಬೇಕೋ ಬಿಡಬೇಕೋ ಎಂದು ನಿಮ್ಮ ವೈದ್ಯರ ಹತ್ತಿರ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಆ ದಿನ ಬಂದಾಗ ಕೇಳಲು ಸಮಯ ಇರುವುದಿಲ್ಲ.

ಡಯಟ್‌ಗೆ ಮುಂಚೆ ವೈದ್ಯರನ್ನು ಕೇಳಿ ಎಂಬ ಮಾತು ಬೇರೆ ಮಾತ್ರೆ ತೆಗೆದುಕೊಳ್ಳುವವರಿಗೂ ಅನ್ವಯಿಸುತ್ತದೆ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಥರದ ಶುಗರ್ ಮಾತ್ರೆಗಳು ನೀವು ಉಣ್ಣಲಿ ಬಿಡಲಿ ಇನ್ಸುಲಿನ್ ಹೊರಡಿಸುತ್ತವೆ. ಊಟ ಕಡಿತಗೊಳಿಸಿ ಅದೇ ಡೋಸ್ ಮುಂದುವರಿಸಿದರೆ ಶುಗರ್ 70ಕ್ಕಿಂತ ಕೆಳಗಿಳಿದು ನಡುಕ, ಬೆವರು, ಎಚ್ಚರ ತಪ್ಪುವುದು ಎಲ್ಲವೂ ಆಗಬಹುದು. ಬಿಪಿ ಮಾತ್ರೆಯೂ ಅಷ್ಟೇ, ನೀರು ಹೊರಟುಹೋದಾಗ ಅದೇ ಡೋಸ್ ಜಾಸ್ತಿಯಾಗಿ ತಲೆಸುತ್ತಬಹುದು.

ಅಕ್ಕನಿಗೆ ಈಗ ಎಂಪಾಗ್ಲಿಫ್ಲೋಜಿನ್ ಮತ್ತೆ ಕೊಡಬಾರದು ಎಂದು ಕಡತದಲ್ಲಿ ಬರೆದಿದ್ದಾರೆ. ಅಂದರೆ ಮುಂದೆ ಹೃದಯಕ್ಕೋ ಕಿಡ್ನಿಗೋ ಬೇಕಾದರೂ ಆ ದಾರಿ ಅವಳ ಪಾಲಿಗೆ ಮುಚ್ಚಿದಂತೆಯೇ. ನನಗೆ ಅತಿ ಹೆಚ್ಚು ನೋವಾಗುವುದು ಇದಕ್ಕೇ.

ಈಗಿನ ಅವಳ ದಿನಚರಿಯಲ್ಲಿ ಚಮತ್ಕಾರ ಏನೂ ಇಲ್ಲ. ಮೆಟ್‌ಫಾರ್ಮಿನ್ ಮುಂದುವರಿದಿದೆ, ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಕಡಿಮೆಯಾಗಬಹುದು ಎಂದು ಅದನ್ನೂ ಪರೀಕ್ಷಿಸುತ್ತಾರೆ. ಆಹಾರದಲ್ಲಿ ಪಿಷ್ಟ ತಗ್ಗಿಸಿದ್ದಾರೆ, ಪೂರ್ತಿ ತೆಗೆದಿಲ್ಲ. ಪ್ರೋಟೀನು, ನಾರು ಹೆಚ್ಚಿಸಿದ್ದಾರೆ. ಊಟವಾದ ಮೇಲೆ ನಡಿಗೆ, ವಾರಕ್ಕೆರಡು ಸಲ ಭಾರ ಎತ್ತುವ ವ್ಯಾಯಾಮ. ಸ್ನಾಯು ದುಡಿಯುವಾಗ ಇನ್ಸುಲಿನ್ ಹಂಗಿಲ್ಲದೆಯೂ ರಕ್ತದ ಗ್ಲೂಕೋಸನ್ನು ಒಳಗೆಳೆದುಕೊಳ್ಳುತ್ತದೆ ಎಂಬುದು ಇನ್ಸುಲಿನ್ ರೆಸಿಸ್ಟೆನ್ಸ್ ಇರುವವರಿಗೆ ದೊಡ್ಡ ವರ. ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ ಅಧ್ಯಯನದಲ್ಲಿ ಜನಕ್ಕೆ ಕೊಟ್ಟ ಗುರಿ ಎಷ್ಟು ಗೊತ್ತೇ? ಕನಿಷ್ಠ ಶೇ 7ರಷ್ಟು ತೂಕ ಇಳಿಕೆ, ವಾರಕ್ಕೆ 150 ನಿಮಿಷ ವ್ಯಾಯಾಮ. ಅಷ್ಟರಿಂದಲೇ, ಮಧುಮೇಹದ ಅಂಚಿನಲ್ಲಿದ್ದವರಲ್ಲಿ ಕಾಯಿಲೆ ಬರುವುದು ಶೇ 58ರಷ್ಟು ಕಡಿಮೆಯಾಯಿತು. ಮೆಟ್‌ಫಾರ್ಮಿನ್ ಗುಂಪಿನಲ್ಲಿ ಆ ಇಳಿಕೆ ಶೇ 31. ಅಕ್ಕ ಆ ಅಂಚು ದಾಟಿ ಆಗಿದೆ ನಿಜ, ಆದರೆ ಅವಳ ವೈದ್ಯರು ಇಟ್ಟುಕೊಟ್ಟ ಗುರಿಯೂ ಹೆಚ್ಚುಕಡಿಮೆ ಇಷ್ಟೇ. 80 ಕಿಲೋ ಇರುವವರಿಗೆ ಶೇ 7 ಎಂದರೆ ಆರು ಕಿಲೋ ಕೂಡ ಆಗುವುದಿಲ್ಲ. ಇದಕ್ಕಾಗಿ ಯಾರೂ ಐಸಿಯು ತನಕ ಹೋಗಬೇಕಾಗಿಲ್ಲ.

ಈ ಗುಂಪಿನ ಮಾತ್ರೆ ತೆಗೆದುಕೊಳ್ಳುವವರಿಗೆ ವಾಕರಿಕೆ, ವಾಂತಿ, ಹೊಟ್ಟೆನೋವು, ವಿಪರೀತ ಸುಸ್ತು, ಏದುಸಿರು ಕಾಣಿಸಿದರೆ, ಶುಗರ್ ಎಷ್ಟೇ ಚೆನ್ನಾಗಿದ್ದರೂ ಆಸ್ಪತ್ರೆಗೆ ಹೋಗಿ. ಹೋದ ತಕ್ಷಣ 'ಇವರು ಎಸ್‌ಜಿಎಲ್‌ಟಿ2 ಮಾತ್ರೆ ತಗೊಳ್ತಿದ್ದಾರೆ, ರಕ್ತದ ಕೀಟೋನ್ ಮತ್ತು ಬ್ಲಡ್ ಗ್ಯಾಸ್ ನೋಡಿ' ಎಂದು ಇದೇ ಮಾತುಗಳಲ್ಲಿ ಹೇಳಿ. ರಕ್ತದ ಕೀಟೋನ್ ಸಾಮಾನ್ಯವಾಗಿ ಲೀಟರಿಗೆ 0.6 ಮಿಲಿಮೋಲ್‌ಗಿಂತ ಕೆಳಗಿರುತ್ತದೆ, 3 ತಲುಪಿದರೆ ತುರ್ತು. ಮೂತ್ರದ ಪಟ್ಟಿಯೊಂದನ್ನೇ ನಂಬಬೇಡಿ. ಅದು ಅಳೆಯುವುದು ಅಸಿಟೋಅಸಿಟೇಟ್ ಎಂಬ ಒಂದು ಬಗೆಯ ಕೀಟೋನನ್ನು. ಈ ಸ್ಥಿತಿಯಲ್ಲಿ ರಕ್ತದಲ್ಲಿ ಮುಖ್ಯವಾಗಿ ಏರುವ ಇನ್ನೊಂದು ಬಗೆಯ ಕೀಟೋನ್, ಬೀಟಾ ಹೈಡ್ರಾಕ್ಸಿಬ್ಯುಟಿರೇಟ್, ಅದರ ಕಣ್ಣಿಗೆ ಬೀಳುವುದೇ ಇಲ್ಲ. ಮಾತ್ರೆ ನಿಲ್ಲಿಸಿದ ಮೇಲೂ ಅದರ ಪರಿಣಾಮ ಕೆಲವು ದಿನ ಉಳಿಯುತ್ತದೆ, ಆದ್ದರಿಂದ 'ಮೊನ್ನೆಯೇ ಬಿಟ್ಟಿದ್ದೀನಿ' ಎಂದು ವೈದ್ಯರ ಹತ್ತಿರ ಆ ವಿಷಯ ಮುಚ್ಚಿಡಬೇಡಿ.

ಡಿಸ್ಚಾರ್ಜ್ ಆದ ಮೇಲೆ ಅಕ್ಕ ಆ ಕಾರ್ಯಕ್ರಮದವರಿಗೆ ಆಸ್ಪತ್ರೆಯ ವರದಿ ಸಮೇತ ಬರೆದಳು. ತಮ್ಮ ಸಲಹೆ ವೈದ್ಯಕೀಯ ಸಲಹೆ ಅಲ್ಲ ಎಂದು ನಿಯಮಗಳಲ್ಲಿ ಮೊದಲೇ ಹೇಳಿದ್ದೇವೆ ಎಂಬ ಎರಡು ಸಾಲಿನ ಉತ್ತರ ಬಂತು. ಅವರ ನೋಂದಣಿ ಫಾರ್ಮನ್ನು ಹೋದ ವಾರ ತೆಗೆದು ನೋಡಿದೆ. ಮಾತ್ರೆಗಳ ಬಗ್ಗೆ ಈಗಲೂ ಒಂದು ಪ್ರಶ್ನೆಯೂ ಇಲ್ಲ. ನೀವು ದುಡ್ಡು ಕಟ್ಟಲು ಹೊರಟಿರುವ ಕಾರ್ಯಕ್ರಮದ ಫಾರ್ಮನ್ನೂ ಒಮ್ಮೆ ಹೀಗೆ ತೆಗೆದು ನೋಡಿ.